ಜೋಸ್ಲಿನ್ ಬಾಯಿ ಅಲುಗಿಸದ ಬಟ್ಟಲು

ಇಗರ್ಜಿಯ ಬೆಂಚಿನಲ್ಲಿ ಪಕ್ಕ ಕೂತಿದ್ದ ಹೆಂಗಸು ತನ್ನ ಬ್ಯಾಗನ್ನು ಮೆಲ್ಲಗೆ ಎತ್ತಿ ಆಚೆ ಬದಿಗೆ ಇಟ್ಟುಕೊಂಡಳು. ಅಷ್ಟೇ. ಬೈಯಲಿಲ್ಲ, ಏನನ್ನೂ ಕೇಳಲಿಲ್ಲ. ಒಮಾನಿನ ಮಸೀರಾ ದ್ವೀಪದಿಂದ ಕಳ್ಳಿ ಎಂಬ ಹೆಸರು ಹೊತ್ತು ಉಡುಪಿ ಕಡೆಯ ತನ್ನ ಊರಿಗೆ ಮರಳಿದ ಜೋಸ್ಲಿನ್ ಬಾಯಿಗೆ ಮೊದಲ ಭಾನುವಾರ ಸಿಕ್ಕಿದ ಸ್ವಾಗತ ಅದು. ಆಗ ಅವರಿಗೆ ಇನ್ನೂ ಮದುವೆಯ ಪ್ರಾಯ. ಈಗ ಐವತ್ತರ ಹತ್ತಿರ. ಆ ಬ್ಯಾಗು ಜಾಗ ಬದಲಿಸಿದ ಬಗೆಯನ್ನು ಅವರು ಇವತ್ತಿಗೂ ಮಾಡಿ ತೋರಿಸುತ್ತಾರೆ: ಎರಡೇ ಬೆರಳಲ್ಲಿ ಹಿಡಿ ಎತ್ತಿ, ಮುಖ ಮಾತ್ರ ಪಾದ್ರಿಗಳ ಕಡೆಗೇ ಇಟ್ಟುಕೊಂಡು.

ಜೋಸ್ಲಿನ್ ಬಾಯಿ ನನ್ನ ಮಗಳನ್ನು ನೋಡಿಕೊಳ್ಳುವವರು. ಮಸ್ಕತ್ತಿನ ಅಲ್ ಮಬೇಲಾದ ನಮ್ಮ ಕಟ್ಟಡದಲ್ಲೇ ಹಿಂದುಗಡೆಯ ಒಂದು ಕೋಣೆಯಲ್ಲಿದ್ದಾರೆ. ನಾನು ಆಫೀಸಿಗೆ ಹೋಗುವಾಗ ಮಗುವನ್ನು ಅವರ ತೋಳಿಗೆ ಕೊಟ್ಟು, ಲಿಫ್ಟಿನಿಂದ ಒಮ್ಮೆ, ಕಾರಿನಿಂದ ಒಮ್ಮೆ, ಆಫೀಸು ಮುಟ್ಟಿ ಮತ್ತೊಮ್ಮೆ ಫೋನ್ ಮಾಡುತ್ತೇನೆ. "ಉಸಿರಾಡ್ತಾ ಉಂಟು ಮಾರಾಯ್ತಿ, ನಿನ್ನ ಮಗು," ಎಂದು ಅವರು ನಾನು ಕೇಳುವ ಮೊದಲೇ ಹೇಳಿ ಇಟ್ಟುಬಿಡುತ್ತಾರೆ. ಅವರು ಮೂಲತಃ ದರ್ಜಿ. ಕಣ್ಣು ಸೋತ ಮೇಲೆ ಹೊಲಿಗೆ ಕಮ್ಮಿ ಮಾಡಿದ್ದಾರೆ. ಮಗು ಇರುವ ಕೋಣೆಯಲ್ಲಿ ಸೂಜಿ ಉಂಟಲ್ಲ ಎಂದು ನನಗೆ ಮೊದಮೊದಲು ನಿದ್ದೆಯೇ ಬರುತ್ತಿರಲಿಲ್ಲ. ಒಂದು ದಿನವೂ ಒಂದು ಸೂಜಿ ನೆಲದಲ್ಲಿ ಸಿಕ್ಕಿದ್ದಿಲ್ಲ.

ಅಂಥವರ ಬಗ್ಗೆ ಕೆಳಗಿನ ಫ್ಲಾಟಿನ ಏಂಜೆಲಾ ಒಂದು ಸಂಜೆ ಲಿಫ್ಟಿನ ಬಾಗಿಲಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು.

"ಅಕ್ಷಯಾ, ಮಗುವನ್ನು ಯಾರ ಕೈಯಲ್ಲಿ ಬಿಟ್ಟು ಹೋಗ್ತೀರಿ ಅಂತ ಗೊತ್ತುಂಟಾ? ಗಿರಾಕಿಯ ಬೆಳ್ಳಿ ಕದ್ದದ್ದಕ್ಕೆ ಮಸೀರಾದಿಂದ ಓಡಿಸಿದ್ದು ಅವಳನ್ನು. ನಮ್ಮ ಊರಿನವರಿಗೆಲ್ಲ ಗೊತ್ತುಂಟು. ನಾನು ಹೇಳಿದೆ ಅಂತ ಹೇಳಬೇಡಿ."

ನನ್ನ ಹೊಟ್ಟೆಯಲ್ಲಿ ಏನೂ ನಿಲ್ಲುವುದಿಲ್ಲ. ನೇರ ಹೋಗಿ ಕೇಳಿದೆ. ಜೋಸ್ಲಿನ್ ಬಾಯಿ ಆಗ ನನ್ನ ಮಗಳ ಉಗುರು ಕತ್ತರಿಸುತ್ತಿದ್ದರು. ಕೊನೆಯ ಬೆರಳಿನ ತನಕ ಕತ್ತರಿಸಿ, ಉಗುರಿನ ಚೂರುಗಳನ್ನು ಕಾಗದದಲ್ಲಿ ಕಟ್ಟಿ, ಆಮೇಲೆ ಬಾಯಿ ಬಿಟ್ಟರು.

"ಏಂಜೆಲಾ ಹೇಳಿದಳಾ? ಹೇಳಲಿ. ಈಗ ನನ್ನದು ಕೇಳು."

ಮಸೀರಾದ ಹಿಲ್ಫ್ ಪೇಟೆಯ ಒಂದು ಲೇಡೀಸ್ ಟೈಲರ್ ಅಂಗಡಿಗೆ ಅವರು ಹೊಲಿಯಲು ಬಂದವರು. ಅಲ್ಲಿ ಕಟ್ಟಿಂಗ್ ಮಾಸ್ಟರ್ ಅವರ ಊರಿನವನೇ, ರಾಬರ್ಟ್. ಆ ದ್ವೀಪದ ಹೆಂಗಸರು ಉದ್ದ ಅಂಗಿಯ ಕೆಳಗೆ ತೊಡುವ ಪೈಜಾಮಕ್ಕೆ ಕಣಕಾಲಿನ ಬಳಿ ಅಂಗೈ ಅಗಲದ ಬೆಳ್ಳಿ ಜರಿಯ ಪಟ್ಟಿ ಇರುತ್ತದೆ. ಬಟ್ಟೆ ಹಳತಾಗಿ ಹರಿದರೂ ಪಟ್ಟಿಯನ್ನು ಬಿಚ್ಚಿ ಹೊಸ ಬಟ್ಟೆಗೆ ಹೊಲಿಸುತ್ತಾರೆ. ಅದು ತಾಯಿಯಿಂದ ಮಗಳಿಗೆ ಇಳಿಯುತ್ತದೆ. ಝುಬೈದಾ ಎಂಬ ದೊಡ್ಡ ಮನೆಯ ಹೆಂಗಸು ತನ್ನ ತಾಯಿಯ ಜೋಡಿ ಪಟ್ಟಿಯನ್ನು ಮಗಳ ಮದುವೆಗೆಂದು ಜೋಸ್ಲಿನ್ ಬಾಯಿಯ ಕೈಗೇ ಕೊಟ್ಟಿದ್ದರು. ಒಂದು ಪಟ್ಟಿ ನಡುವಲ್ಲಿ ಬಿಟ್ಟುಕೊಂಡಿತ್ತು. ಬೆಳ್ಳಿ ನೂಲು ಮುಗಿದಿತ್ತು. ಹೊಸ ನೂಲು ಬರುವ ತನಕ ಇನ್ನಷ್ಟು ಬಿಚ್ಚದಿರಲಿ ಎಂದು ಇವರು ಅಲ್ಲಿಗೆ ನೀಲಿ ನೂಲಿನ ನಾಲ್ಕು ಹೊಲಿಗೆ ಹಾಕಿ ಇಟ್ಟರು. ಮರುದಿನ ಬೆಳಿಗ್ಗೆ ಪಟ್ಟಿಗಳಿರಲಿಲ್ಲ.

"ಬೀಗದ ಕೈ ಜೋಸ್ಲಿನ್ ಹತ್ತಿರ ಇತ್ತು ಅಂತ ರಾಬರ್ಟ್ ನಮಗೆ ವೀಸಾ ಕೊಟ್ಟ ಕಫೀಲನಿಗೆ ಹೇಳಿದ. ಅವನ ಹತ್ತಿರವೂ ಒಂದು ಇತ್ತು. ಅದು ಹೇಳಲಿಲ್ಲ."

ಇವರು ಝುಬೈದಾರ ಮನೆಗೆ ಓಡಿದರು, ಕೈಮುಗಿದು ಹೇಳಲು. ಮಸೀರಾದಲ್ಲಿ ಯಾವ ಮನೆಯ ಹೊಸ್ತಿಲು ದಾಟಿದರೂ ಮೊದಲು ಕಹ್ವಾ, ಆಮೇಲೆ ಮಾತು. ಏಲಕ್ಕಿ ಹಾಕಿ ಕಾಯಿಸಿದ ಆ ಕಾಫಿಯನ್ನು ಮೀನು ಮಾರಲು ಬಂದವನಿಗೂ ಕೊಡುತ್ತಾರೆ, ಜಗಳಕ್ಕೆ ಬಂದವನಿಗೂ ಕೊಡುತ್ತಾರೆ. ಅಂದು ಹೂಜಿ ಚಾಪೆಯ ಮೇಲೆ ಹಬೆಯಾಡುತ್ತಾ ಇತ್ತು. ಯಾರೂ ಅದನ್ನು ಎತ್ತಲಿಲ್ಲ.

"ಆವಾಗಲೇ ಗೊತ್ತಾಯ್ತು ನನಗೆ, ಖಲಾಸ್ ಅಂತ. ಪೊಲೀಸ್ ಬೇಡ, ಕೋರ್ಟ್ ಬೇಡ. ಆ ಹೂಜಿ ಸಾಕು."

ವೀಸಾ ರದ್ದಾಯಿತು. ಊರಿನಲ್ಲಿ ಬ್ಯಾಗುಗಳು ಜಾಗ ಬದಲಿಸಿದವು. ಬಂದ ಒಂದೆರಡು ಸಂಬಂಧ ವಿಚಾರಿಸಿ ಹಿಂದೆ ಸರಿದವು. ಇವರ ತಾಯಿ ಬಾವಿಕಟ್ಟೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಕೇಳದವರಿಗೂ "ನನ್ನ ಮಗಳು ತೆಗೆಯಲಿಲ್ಲ" ಎಂದು ಹೇಳುತ್ತಾ ಹೇಳುತ್ತಾ ಒಂದು ದಿನ ತೀರಿಕೊಂಡರು. ಆಮೇಲೆ ಜೋಸ್ಲಿನ್ ಬಾಯಿ ಬೇರೆ ವೀಸಾದಲ್ಲಿ ಮಸ್ಕತ್ತಿಗೆ ಬಂದು, ಮತ್ರಾದ ಗಲ್ಲಿಗಳಲ್ಲಿ ವರ್ಷಗಟ್ಟಲೆ ಹೊಲಿದು, ಕೊನೆಗೆ ಅಲ್ ಮಬೇಲಾಕ್ಕೆ ಬಂದು ಸೇರಿದರು. ರಾಬರ್ಟ್ ಮಸೀರಾದಲ್ಲೇ ಉಳಿದ.

ಇದನ್ನು ಕೇಳಿದ ಮೇಲೆ ನನಗೆ ಬಂದ ಸಿಟ್ಟು ನನ್ನದೇ ಅನ್ನಿಸುವಂಥ ಸಿಟ್ಟು. ನನ್ನ ಮಗಳು ಮೊದಲು ಕಲಿತ ಮಾತು "ಬಾಯಿ". ಆ ಬಾಯಿಗೆ ಅಂಟಿಸಿದ ಹೆಸರು ನಾಳೆ ಮಗುವಿನ ಕಿವಿಗೂ ಬೀಳುತ್ತದೆ. ಒಲೆಯ ಮುಂದೆ ನಿಂತು, ಕಂಡೇ ಇಲ್ಲದ ರಾಬರ್ಟನಿಗೆ ಏನೇನೋ ಶಾಪ ಹಾಕಿದೆ. ಅನ್ನ ತಳ ಹಿಡಿಯಿತು.

ಕೆಲವು ತಿಂಗಳ ಬಳಿಕ ಒಂದು ಶನಿವಾರ ಜೋಸ್ಲಿನ್ ಬಾಯಿ ನನ್ನನ್ನು ಕರೆದರು. ಅವರ ಊರಿನವರ ವಾಟ್ಸಾಪ್ ಗುಂಪಿನಲ್ಲಿ ಒಂದು ಮದುವೆಯ ಫೋಟೋ ಬಂದಿತ್ತು. ರಾಬರ್ಟನ ಮಗಳು ಓಲಿವಿಯಾ, ಮದುಮಗಳು ಉಡುವ ಕೆಂಪು ಸಾಡೋ ಸೀರೆ ಉಟ್ಟು ನಗುತ್ತಿದ್ದಳು.

"ನಿನ್ನ ಕಣ್ಣು ಒಳ್ಳೆದುಂಟಲ್ಲ, ನೋಡು. ರವಿಕೆಯ ತೋಳಿನ ಅಂಚಲ್ಲಿ ಎಂತ ಕಾಣ್ತದೆ?"

"ಬೆಳ್ಳಿ ಜರಿ."

"ಎಡ ತೋಳಿನದ್ದು ದೊಡ್ಡದು ಮಾಡಿ ನೋಡು."

ಬೆರಳಲ್ಲಿ ಎಳೆದು ದೊಡ್ಡದು ಮಾಡಿದೆ. ಬೆಳ್ಳಿಯ ನಡುವೆ ನೀಲಿ. ಇರುವೆ ಕೂತಷ್ಟು ನೀಲಿ.

ಜೋಸ್ಲಿನ್ ಬಾಯಿ ನಕ್ಕರು. ಅವರು ಹಾಗೆ ನಗುವುದನ್ನು ನಾನು ಮೊದಲು ಕೇಳಿರಲಿಲ್ಲ. "ಕಾಲಿಗೆ ಹಾಕುವುದನ್ನು ಮಗಳ ಕೈಗೆ ಹಾಕಿ ಮದುವೆ ಮಾಡಿದ್ದಾನೆ ನಾಯಿ! ನೀಲಿ ನೂಲನ್ನು ಬಿಚ್ಚಲಿಕ್ಕೂ ಅವನಿಗೆ ಉದಾಸೀನ!"

"ಪೊಲೀಸಿಗೆ ಕೊಡುವಾ," ಎಂದೆ.

"ಎಂತಕ್ಕೆ? ಒಳಗೆ ಹಾಕಿದರೆ ಊಟ ಕೊಡ್ತಾರೆ. ಇಷ್ಟು ವರ್ಷ ಆ ದ್ವೀಪದಲ್ಲಿ ಅವನು ಮನೆಮನೆಯ ಕಹ್ವಾ ಕುಡಿದಿದ್ದಾನೆ. ನನಗೆ ಅದು ಬೇಕು. ಅದನ್ನು ನಿಲ್ಲಿಸಬೇಕು."

"ಆ ಹುಡುಗಿ ಓಲಿವಿಯಾ ಎಂತ ಮಾಡಿದ್ದಾಳೆ ಪಾಪ..."

"ನನ್ನ ಅಮ್ಮ ಎಂತ ಮಾಡಿದ್ದರು?"



ಈದ್ ರಜೆಯಲ್ಲಿ ಮಸೀರಾಕ್ಕೆ ಹೋಗುವಾ, ಕಡಲಾಮೆ ಮೊಟ್ಟೆ ಇಡುವ ಕಡಲತೀರ ಉಂಟಂತೆ, ಮಗುವಿಗೂ ಒಂದು ಬದಲಾವಣೆ ಎಂದು ಗಂಡನಿಗೆ ಹೇಳಿದೆ. ಸುಕೇಶ್ ನನ್ನನ್ನು ಎರಡು ಸಲ ನೋಡಿದರು. "ಮಗುವಿಗೆ ಗಾಳಿ ತಾಗ್ತದೆ ಅಂತ ಬಾಲ್ಕನಿಗೆ ಬಿಡದವಳು ನೀನು. ಈಗ ದ್ವೀಪವಾ?" ಅಂದರು. ಆದರೂ ಕಾರು ತೆಗೆದರು.

ಶನ್ನಾ ಬಂದರಿನಲ್ಲಿ ಕಾರನ್ನು ಫೆರಿಗೆ ಹತ್ತಿಸಿದೆವು. ನನ್ನ ಚೀಲದಲ್ಲಿ ಜ್ವರದ ಔಷಧಿ, ಥರ್ಮಾಮೀಟರ್, ಕುದಿಸಿ ಆರಿಸಿದ ನೀರು, ಮೂರು ಬಗೆಯ ಟೊಪ್ಪಿ. ಮಗುವಿನ ಅಳತೆಯ ಲೈಫ್ ಜಾಕೆಟ್ ಎಲ್ಲಿ ಎಂದು ಕೇಳಿ ಕೇಳಿ ಫೆರಿಯವನಿಗೆ ತಲೆ ಕೆಡಿಸಿದೆ. ಜೋಸ್ಲಿನ್ ಬಾಯಿಯ ಕೈಯಲ್ಲಿ ಫೋನು ಒಂದೇ. ತಾವೇ ಹೊಲಿದ ಹೊಸ ಚೂಡಿದಾರ ಹಾಕಿದ್ದರು, ಯಾರದೋ ಮದುವೆಗೆ ಹೊರಟವರ ಹಾಗೆ. ಕಂಬಿ ಹಿಡಿದು ನಿಂತು, ದ್ವೀಪ ಮಣ್ಣಿನ ಗೆರೆಯಂತೆ ಕಾಣತೊಡಗಿದಾಗ ಮಗುವಿಗೆ ಹೇಳಿದರು: "ನೋಡು ಬಾಯೆ, ಅಲ್ಲಿಂದ ನನ್ನನ್ನು ಓಡಿಸಿದ್ದು."

ಹಿಲ್ಫಿನಲ್ಲಿ ಇಳಿದು ಮೊದಲು ಹೋದದ್ದು ಮಮ್ಮದ್ ಎಂಬ ನಮ್ಮ ಕರಾವಳಿಯ ಬ್ಯಾರಿಯವರ ಕೆಫ್ಟೇರಿಯಾಕ್ಕೆ. ಅವರು ಇವರನ್ನು ನೋಡಿ ಚಾ ಸೋಸುತ್ತಿದ್ದ ಕೈ ನಿಲ್ಲಿಸಿದರು.

"ಜೋಸ್ಲಿನ್ ಬಾಯಿಯಾ? ಅಲ್ಲಾಹ್, ತಲೆ ಬೆಳ್ಳಗಾಗಿದೆಯಲ್ಲ ನಿಮ್ಮದು!"

"ನಿಮ್ಮದು ಪೂರಾ ಹೋಗಿದೆ ಮಮ್ಮದಾಕ. ರಾಬರ್ಟ್ ಇದ್ದಾನಾ?"

"ಎಲ್ಲಿಗೆ ಹೋಗ್ತಾನೆ? ಈಗ ಅಂಗಡಿಯೇ ಅವನದ್ದು. ನನ್ನ ಚಾ ಅವನಿಗೆ ಬೇಡ, ಹೊತ್ತಿಗೊಂದು ಮನೆಯ ಕಹ್ವಾ ಕುಡಿದು ಬರ್ತಾನೆ. ಈ ಊರಿನ ಅಳಿಯನ ಹಾಗೆ ಇದ್ದಾನೆ, ಬೇಕಾದರೆ ನೋಡಿ."

"ನೋಡಲಿಕ್ಕೇ ಬಂದದ್ದು," ಅಂದರು ಜೋಸ್ಲಿನ್ ಬಾಯಿ.

ನಾವು ಉಳಿದ ಕೋಣೆಗಳ ಒಡೆಯನ ಮನೆಯ ಹೆಂಗಸರು ನನ್ನನ್ನೂ ಮಗುವನ್ನೂ ಒಳಗೆ ಕರೆದರು. ಹಳದಿ, ಗುಲಾಬಿ, ಗಿಣಿಹಸಿರು ಅಂಗಿಗಳು. ಕೂತು ಕಾಲು ಮಡಚಿದಾಗ ಕಣಕಾಲಿನಲ್ಲಿ ಜರಿ ಪಟ್ಟಿ ಮಿಂಚುತ್ತಿತ್ತು. ಎಡಗೈಯಲ್ಲಿ ಹೂಜಿ, ಬಲಗೈಯಲ್ಲಿ ಹಿಡಿಯಿಲ್ಲದ ಪುಟ್ಟ ಪಿಂಗಾಣಿ ಬಟ್ಟಲು. ಜೊತೆಗೆ ಖರ್ಜೂರ. ನಾನು ಕುಡಿದು "ಸಾಕು, ಶುಕ್ರನ್" ಎಂದು ಬಟ್ಟಲು ಚಾಚಿದೆ. ಮತ್ತೆ ತುಂಬಿಸಿದರು. ಮರ್ಯಾದೆಗೆ ಕುಡಿದು ಮತ್ತೆ ಚಾಚಿದೆ. ಮತ್ತೆ ತುಂಬಿಸಿದರು. ನನಗೆ ಎದೆ ಡವಡವ ಹೊಡೆಯತೊಡಗಿತು. ಹಾಲೂಡಿಸುವ ತಾಯಿ ಇಷ್ಟು ಕಾಫಿ ಕುಡಿದರೆ ಮಗುವಿನ ಗತಿ ಏನು ಎಂದು ಕಣ್ಣಲ್ಲಿ ನೀರು ಬರುವುದೊಂದೇ ಬಾಕಿ. ಜೋಸ್ಲಿನ್ ಬಾಯಿ ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಬಟ್ಟಲು ಅಲುಗಿಸು ಮಾರಾಯ್ತಿ! ಬಾಯಲ್ಲಿ ಹೇಳಿದರೆ ಲೆಕ್ಕಕ್ಕಿಲ್ಲ ಇಲ್ಲಿ. ಹೀಗೆ ಆಚೆ ಈಚೆ ಅಲುಗಿಸಿ ಕೊಟ್ಟರೆ ಸಾಕು ಅಂತ. ಅಲುಗಿಸುವ ತನಕ ಅವರು ಹೊಯ್ಯಲೇಬೇಕು."

ಆ ಸಂಜೆ ಅವರು ಇನ್ನೊಂದು ಕ್ರಮವನ್ನೂ ಹೇಳಿಕೊಟ್ಟರು. ಅತಿಥಿ ಮೊದಲ ಬಟ್ಟಲನ್ನು ಕುಡಿಯದೆ ನೆಲಕ್ಕಿಟ್ಟರೆ ಅವನಿಗೆ ಏನೋ ಬೇಡಲಿಕ್ಕೆ ಉಂಟು ಎಂದು ಅರ್ಥ. ಮನೆಯವರು ಕೇಳಲೇಬೇಕು. ಕೊಡುವುದಾದರೆ "ಕುಡಿ" ಅನ್ನುತ್ತಾರೆ. ಅತಿಥಿ ಕುಡಿಯದೆ ಎದ್ದು ಹೋದರೆ ಆ ಮನೆಗೆ ಅದಕ್ಕಿಂತ ದೊಡ್ಡ ನಾಚಿಕೆ ಇನ್ನಿಲ್ಲ.

ಮರುದಿನ ಬೆಳಿಗ್ಗೆ ಝುಬೈದಾರ ಮನೆಗೆ ಹೋದೆವು. ಸುಕೇಶರನ್ನು ಗಂಡಸರು ಆಚೆ ಮನೆಗೆ ಕರೆದುಕೊಂಡು ಹೋದರು. ಝುಬೈದಾ ಈಗ ಹಣ್ಣುಹಣ್ಣು ಮುದುಕಿ. ಜೋಸ್ಲಿನ್ ಬಾಯಿಯ ಗುರುತು ಹಿಡಿಯಲು ಅವರಿಗೆ ಹೊತ್ತು ಹಿಡಿಯಿತು. ಹಿಡಿದ ಮೇಲೆ ಮುಖ ಗಟ್ಟಿಯಾಯಿತು. ಆದರೂ ಜೊತೆಯಲ್ಲಿ ಕೈಗೂಸಿನ ತಾಯಿ ಇದ್ದಳಲ್ಲ, ನಮ್ಮನ್ನು ಕೂರಿಸಿದರು. ಕಹ್ವಾ ಹೊಯ್ದದ್ದು ಅವರ ಮಗಳು, ಅಂದು ಅಜ್ಜಿಯ ಪಟ್ಟಿ ಇಲ್ಲದೆ ಮದುವೆಯಾದವಳು. ಈಗ ಅವಳ ಮಗಳೇ ಮದುವೆಗೆ ಬಂದಿದ್ದಾಳೆ. ನನಗೆ ಅರಬ್ಬಿ ಅಂಗಡಿ ವ್ಯವಹಾರಕ್ಕೆ ಸಾಕಾಗುವಷ್ಟೇ ಗೊತ್ತು. ಜೋಸ್ಲಿನ್ ಬಾಯಿ ಆಮೇಲೆ ಬಿಡಿಸಿ ಹೇಳಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಜೋಸ್ಲಿನ್ ಬಾಯಿ ಬಟ್ಟಲನ್ನು ತೆಗೆದುಕೊಂಡರು. ಕುಡಿಯದೆ ಚಾಪೆಯ ಮೇಲಿಟ್ಟರು.

ಕೋಣೆಯಲ್ಲಿದ್ದ ಸೊಸೆಯಂದಿರೆಲ್ಲ ಇತ್ತ ತಿರುಗಿದರು. ಝುಬೈದಾ ಬಟ್ಟಲನ್ನೇ ನೋಡಿ, "ಏನು ಬೇಕು?" ಅಂದರು.

ಇವರು ಮಾತಾಡದೆ ಫೋನು ಮುಂದಿಟ್ಟರು. ಮುದುಕಿ ಮದುಮಗಳ ಮುಖವನ್ನು ನೋಡಲೇ ಇಲ್ಲ. ತೋಳುಗಳನ್ನು ನೋಡಿದರು. ಬೆರಳಿಂದ ಗಾಜನ್ನು ಸವರಿದರು, ಜರಿ ಕೈಗೆ ಸಿಗುತ್ತದೇನೋ ಎಂಬ ಹಾಗೆ.

"ನನ್ನ ತಾಯಿಯದ್ದು. ಯಾರು ಇವಳು?"

"ರಾಬರ್ಟನ ಮಗಳು."

ಮಗಳು ಹೂಜಿಯನ್ನು ಕೆಳಗಿಟ್ಟು ಬಾಗಿ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದಳು. ಝುಬೈದಾ ಫೋನನ್ನು ಹಿಂದಕ್ಕೆ ಕೊಟ್ಟು, "ಪೊಲೀಸರನ್ನು ಕರೆಸುತ್ತೇನೆ. ನಿನಗಾದ ನಷ್ಟ ತುಂಬಿಕೊಡಿಸುತ್ತೇನೆ. ನಿನ್ನ ಮುಂದೆ ತಲೆ ತಗ್ಗಿಸುತ್ತೇನೆ. ಕುಡಿ," ಅಂದರು.

ಜೋಸ್ಲಿನ್ ಬಾಯಿ ಬಟ್ಟಲು ಮುಟ್ಟಲಿಲ್ಲ. "ಅದು ಯಾವುದೂ ಬೇಡ ಅಮ್ಮಾ. ಅವನನ್ನು ಇಲ್ಲಿಗೆ ಕರೆಸಿ ಕೂರಿಸಿ. ಅವನಿಗೆ ಕಹ್ವಾ ಕೊಡಬೇಡಿ. ಇವತ್ತಿಗೂ ಕೊಡಬೇಡಿ, ಇನ್ನು ಮೇಲೂ ಕೊಡಬೇಡಿ. ನೀವು ಕೊಡದಿದ್ದರೆ ಈ ದ್ವೀಪದಲ್ಲಿ ಯಾರೂ ಕೊಡುವುದಿಲ್ಲ."

ಪೊಲೀಸರನ್ನು ಕರೆಸಲು ಹಿಂಜರಿಯದ ಮುದುಕಿ ಇದಕ್ಕೆ ಹಿಂಜರಿದರು. "ಬೇರೆ ಏನಾದರೂ ಕೇಳು. ಈ ಮನೆಗೆ ಬಂದವರಿಗೆ ಕಹ್ವಾ ಇಲ್ಲ ಅಂದದ್ದೇ ಇಲ್ಲ."

"ಒಬ್ಬಳಿಗೆ ಅಂದಿದ್ದೀರಿ."

ನನ್ನ ಮಗಳು ಖರ್ಜೂರದ ತಟ್ಟೆಯನ್ನು ಎಳೆಯುತ್ತಿದ್ದಳು. ಖರ್ಜೂರದ ಬೀಜ ಗಂಟಲಲ್ಲಿ ಸಿಕ್ಕಿಕೊಂಡರೆ ಎಂದು ನನ್ನ ಕೈ ಅತ್ತ ಓಡಿತು, ಕಣ್ಣು ಮಾತ್ರ ಆ ಬಟ್ಟಲಿನ ಮೇಲೇ. ಹಬೆ ನಿಂತಿತ್ತು. ಜೋಸ್ಲಿನ್ ಬಾಯಿ ಏಳಲು ಮೊಣಕಾಲಿಗೆ ಕೈ ಊರಿದರು. ಎದ್ದರೆ ಮುಗಿಯಿತು. ರಾಬರ್ಟ್ ಗೆದ್ದ ಹಾಗೆಯೇ.

"ಇಶ್ರಬಿ," ಅಂದರು ಝುಬೈದಾ. ಕುಡಿ.

ಜೋಸ್ಲಿನ್ ಬಾಯಿ ಮತ್ತೆ ಕೂತು, ತಣ್ಣಗಾದ ಕಹ್ವಾವನ್ನು ಒಂದೇ ಗುಟುಕಿಗೆ ಕುಡಿದರು.

ಮೊಮ್ಮಗಳ ಮದುವೆಯ ಬಟ್ಟೆ ಉಂಟು ಎಂದು ರಾಬರ್ಟನಿಗೆ ಹೇಳಿ ಕಳಿಸಿದರು. ಅವನು ಬಂದೇಬಿಟ್ಟ, ಕೊರಳಲ್ಲಿ ಟೇಪು, ಕಂಕುಳಲ್ಲಿ ಡಿಸೈನ್ ಪುಸ್ತಕ, ಕೂದಲಿಗೆ ಕಪ್ಪು ಬಣ್ಣ. ಆ ಮನೆಗೆ ಅವನು ಎಷ್ಟು ಬಳಕೆಯವನೆಂದರೆ ಯಾರೂ ತೋರಿಸದೆಯೇ ದಿಂಬಿಗೆ ಒರಗಿ ಕೂತ. ಕೂತ ಮೇಲೆ ನಮ್ಮನ್ನು ನೋಡಿದ.

"ಅರೆ, ಜೋಸ್ಲಿನ್! ಕಶಿ ಆಸಾಯ್?" ಎಂದು ಕೊಂಕಣಿಯಲ್ಲಿ ಕ್ಷೇಮ ವಿಚಾರಿಸಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ, "ನಮ್ಮ ಊರಿನವಳು, ಹಳೇ ಪರಿಚಯ," ಎಂದು ನಕ್ಕ. ನಗು ಅವನ ಹಲ್ಲಿನಲ್ಲಿ ಮಾತ್ರ ಇತ್ತು.

ಝುಬೈದಾರ ಮಗಳು ಹೂಜಿ ಎತ್ತಿದಳು. ತಾಯಿಗೆ ಹೊಯ್ದಳು. ರಾಬರ್ಟ್ ಅಭ್ಯಾಸದಂತೆ ಬಲಗೈ ಚಾಚಿದ. ಅವಳು ಆ ಕೈಯನ್ನು ದಾಟಿ ಬಂದು ಜೋಸ್ಲಿನ್ ಬಾಯಿಗೆ ಹೊಯ್ದಳು. ನನಗೆ ಹೊಯ್ದಳು. ಸೊಸೆಯಂದಿರಿಗೆ ಹೊಯ್ದಳು. ರಾಬರ್ಟನ ಕೈ ಗಾಳಿಯಲ್ಲೇ ಉಳಿಯಿತು. ಮರೆತಿದ್ದಾಳೆ ಎಂದುಕೊಂಡಿರಬೇಕು, ತಮಾಷೆಗೆ ಬೆರಳು ಕುಣಿಸಿದ.

ಯಾರೂ ನಗಲಿಲ್ಲ.

ಇಲ್ಲಿ ಜೋಸ್ಲಿನ್ ಬಾಯಿ ಮಾಡಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಕುಡಿದು ಬಟ್ಟಲನ್ನು ಚಾಚಿದರು. ಅಲುಗಿಸಲಿಲ್ಲ. ಅಲುಗಿಸದ ಮೇಲೆ ಹೊಯ್ಯಲೇಬೇಕಲ್ಲ. ಹೂಜಿ ಮತ್ತೆ ಬಂತು, ರಾಬರ್ಟನ ಮೂಗಿನ ಮುಂದೆಯೇ ಏಲಕ್ಕಿಯ ಪರಿಮಳ ಬಿಟ್ಟುಕೊಂಡು, ಅವನನ್ನು ದಾಟಿ. ಕುಡಿದರು, ಚಾಚಿದರು. ಮತ್ತೆ ಬಂತು. ಮೈಯಲ್ಲಿ ಬಿ.ಪಿ. ಇರುವ ಹೆಂಗಸು, ದಿನಕ್ಕೆ ಅರ್ಧ ಲೋಟ ಚಾ ಕುಡಿಯುವವರು. ಒಂದೊಂದು ಸಲ ಹೂಜಿ ಹಾದುಹೋದಾಗಲೂ ರಾಬರ್ಟನ ಕೈ ಒಂದಿಷ್ಟು ಕೆಳಗಿಳಿಯಿತು. ಮೊಣಕಾಲಿನ ತನಕ ಬಂತು. ಆಮೇಲೆ ಡಿಸೈನ್ ಪುಸ್ತಕದ ಅಡಿಗೆ ಹೋಯಿತು.

ನನ್ನ ಬಟ್ಟಲೂ ಖಾಲಿಯಾಗಿತ್ತು. ಹಿಂದಿನ ದಿನ ಕಾಫಿ ಹೆಚ್ಚಾಯಿತೆಂದು ಅಳಲು ಹೊರಟವಳು ನಾನು. ಮಗುವಿಗೆ ಸಂಜೆ ಬಾಟಲಿ ಹಾಲು ಕೊಟ್ಟರಾಯಿತು ಎಂದುಕೊಂಡು, ಬಟ್ಟಲನ್ನು ಅಲುಗಿಸದೆ ಚಾಚಿದೆ. ಜೋಸ್ಲಿನ್ ಬಾಯಿ ಓರೆಗಣ್ಣಿನಲ್ಲಿ ನನ್ನನ್ನು ನೋಡಿದರು.

"ಮದಾಮ್, ಅಳತೆ ತೆಗೆಯೋಣವಾ?" ಎಂದು ರಾಬರ್ಟ್ ಅರಬ್ಬಿಯಲ್ಲಿ ಕೇಳಿದ. ಮತ್ತೊಮ್ಮೆ ಕೇಳಿದ. ಆಗ ಜೋಸ್ಲಿನ್ ಬಾಯಿ ಫೋನನ್ನು ಖರ್ಜೂರದ ತಟ್ಟೆಯ ಪಕ್ಕ, ಅವನ ಕಡೆಗೆ ತಿರುಗಿಸಿ ಇಟ್ಟರು. ಓಲಿವಿಯಾ ಕೆಂಪು ಸೀರೆಯಲ್ಲಿ ನಗುತ್ತಿದ್ದಳು.

ಅವನು ನೋಡಿದ. ಕುತ್ತಿಗೆಯಿಂದ ಕಿವಿಯವರೆಗೆ ಬಣ್ಣ ಏರಿತು. "ಜೋಸ್ಲಿನ್, ಅದು ಮಾರ್ಗರೆಟ್ ಎಲ್ಲಿಂದಲೋ..." ಎಂದು ಹೆಂಡತಿಯ ಹೆಸರು ಎತ್ತಿದ.

"ನೀಲಿ ನೂಲು ನನ್ನದು," ಅಂದರು ಇವರು ಕನ್ನಡದಲ್ಲಿ, ನನಗೂ ತಿಳಿಯಲಿ ಎಂದು. "ಅದೊಂದು ಬಿಚ್ಚಿ ಕೊಟ್ಟುಬಿಡು."

ಅವನು ಝುಬೈದಾರ ಕಡೆ ನೋಡಿದ. ಮುದುಕಿ ಗೋಡೆ ನೋಡುತ್ತಿದ್ದರು. ಕಾಲು ಹಿಡಿಯುವುದೋ ಏಳುವುದೋ ತಿಳಿಯದೆ ಅರ್ಧ ಎದ್ದು, ಅರ್ಧ ಕೂತು, ಕೊನೆಗೆ ಪುಸ್ತಕವನ್ನು ಅಲ್ಲೇ ಬಿಟ್ಟು ಬಾಗಿಲು ದಾಟಿದ. ಚಪ್ಪಲಿ ಹಾಕಿಕೊಳ್ಳುವುದನ್ನು, ಒಳಗಿನ ಸುದ್ದಿ ಆಗಲೇ ಮುಟ್ಟಿದ್ದ ಆ ಮನೆಯ ಗಂಡಸರೆಲ್ಲ ಹೊರಗೆ ಕೂತು ನೋಡಿದರು. ಯಾರೂ "ಇಷ್ಟು ಬೇಗ ಹೊರಟೆಯಾ?" ಎಂದು ಕೇಳಲಿಲ್ಲ. ಮಸೀರಾದಲ್ಲಿ ಆ ಪ್ರಶ್ನೆ ಕೇಳಿಸಿಕೊಳ್ಳದೆ ಯಾರೂ ಯಾವ ಮನೆಯಿಂದಲೂ ಹೊರಡುವುದಿಲ್ಲ.

ಅವನ ಕಾರಿನ ಸದ್ದು ದೂರವಾದ ಮೇಲೆ ಜೋಸ್ಲಿನ್ ಬಾಯಿ ಬಟ್ಟಲನ್ನು ಆಚೆ ಈಚೆ ಅಲುಗಿಸಿ, ಹಿಂದಕ್ಕೆ ಕೊಟ್ಟರು.

ಮರಳುವ ಫೆರಿಯಲ್ಲಿ, ಅಷ್ಟೊಂದು ಕಹ್ವಾ ಕುಡಿದವರ ಬಿ.ಪಿ.ಯದ್ದೇ ನನಗೆ ಹೆದರಿಕೆ. ಅವರ ನಾಡಿ ಹಿಡಿದು ನೋಡಿದೆ, ಹಿಲ್ಫಿನ ಆಸ್ಪತ್ರೆಗೆ ಹೋಗಿ ಬರಬೇಕಿತ್ತು ಅಂದೆ.

"ಮನಸ್ಸಿಗೆ ಸಮಾಧಾನ ಆಯ್ತಾ ಬಾಯಿ?"

"ಎಂಥ ಸಮಾಧಾನ? ಹೂಜಿಯಲ್ಲಿ ಇನ್ನೂ ಇತ್ತು. ನಾನು ಬೇಗ ಅಲುಗಿಸಿದೆ."

ಏನೂ ತಿಳಿಯದ ಸುಕೇಶ್ ಸ್ಟೇರಿಂಗಿಗೆ ತಲೆಯಿಟ್ಟು, "ಆಮೆ ಒಂದು ಕೂಡ ಕಾಣ್ಲಿಲ್ಲ," ಎಂದು ಗೊಣಗುತ್ತಿದ್ದರು.

ಮಮ್ಮದಾಕ ಆಗಾಗ ಫೋನ್ ಮಾಡುತ್ತಾರೆ. ಪಟ್ಟಿಗಳನ್ನು ಊರಿನಿಂದ ತರಿಸಿ ರಾಬರ್ಟ್ ತಾನೇ ಝುಬೈದಾರ ಮನೆಗೆ ಒಯ್ದು ಕೊಟ್ಟನಂತೆ. ಬಾಗಿಲಲ್ಲೇ ತೆಗೆದುಕೊಂಡರಂತೆ. ಅಂಗಡಿ ನಡೆಯುತ್ತದೆ, ಹೊಲಿಗೆ ಕೊಡುವವರು ಕೊಡುತ್ತಾರೆ, ಆದರೆ ಅಳತೆ ತೆಗೆಯಲು ಮನೆಗೆ ಕರೆಯುವವರಿಲ್ಲ. "ಈಗ ದಿನಾ ನನ್ನ ಹೋಟ್ಲಲ್ಲಿ ಪೇಪರ್ ಕಪ್ಪಲ್ಲಿ ಚಾ ಕುಡಿತಾನೆ ಬಾಯಿ. ನಾನು ಕೊಡಬಹುದಾ?" ಎಂದು ಕೇಳಿದರು.

"ಕೊಡಿ, ಕೊಡಿ. ಸಕ್ಕರೆ ಜಾಸ್ತಿ ಹಾಕಿ. ಕುಡಿಯುವಾಗಲೆಲ್ಲ ನೆನಪಾಗಲಿ, ಇದು ಕಹ್ವಾ ಅಲ್ಲ ಅಂತ."

ಮೊನ್ನೆ ಸಂಜೆ ಕಟ್ಟಡದ ಕೆಳಗೆ ಮಕ್ಕಳ ಜಾರುಬಂಡಿಯ ಬಳಿ ಬೆಂಚಿನಲ್ಲಿ ನಾವಿಬ್ಬರೂ ಕೂತಿದ್ದೆವು. ಸುದ್ದಿ ಏಂಜೆಲಾಳಿಗೂ ಮುಟ್ಟಿದ್ದಿರಬೇಕು. ಬಹಳ ಅಕ್ಕರೆಯಿಂದ "ಜೋಸ್ಲಿನ್, ನನಗೆ ಯಾವಾಗಲೂ ಸಂಶಯ ಇತ್ತು, ಆ ರಾಬರ್ಟನ ಮೇಲೆ," ಎನ್ನುತ್ತಾ ಪಕ್ಕಕ್ಕೆ ಬಂದು ಕೂತಳು.

ಜೋಸ್ಲಿನ್ ಬಾಯಿ ಜಾರುಬಂಡಿಯ ಕಡೆಗೇ ಮುಖವಿಟ್ಟುಕೊಂಡು, ಎರಡು ಬೆರಳಲ್ಲಿ ತಮ್ಮ ಬ್ಯಾಗಿನ ಹಿಡಿ ಎತ್ತಿ, ಆಚೆ ಬದಿಗೆ ಇಟ್ಟುಕೊಂಡರು.

ನಾನೂ ಮಗುವಿನ ಡಯಾಪರ್ ಚೀಲವನ್ನು ಎತ್ತಿ ಆಚೆಗಿಟ್ಟೆ.